ಲಾಭ, ಒಂದು, ಎರಡು

ಶನಿವಾರ ಬಂತೆಂದರೆ ಸುಂಕಮ್ಮನಿಗೆ ಸಿಟ್ಟು ಬಂದಿದೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ರೊಟ್ಟಿ ಬಡಿಯುವ ಸದ್ದೇ ಹೇಳುತ್ತಿತ್ತು. ಹೊಸಹಳ್ಳಿಯ ಆ ಮನೆಯಲ್ಲಿ ವಾರದ ಉಳಿದ ದಿನ ಸೊಸೆ ಸಮತಾ ಹಿಟ್ಟು ನಾದಿ ಕೊಡುತ್ತಿದ್ದಳು, ಅತ್ತೆ ಬಡಿಯುತ್ತಿದ್ದಳು. ಶನಿವಾರ ಮಾತ್ರ ಒಲೆ, ಹಿಟ್ಟು, ಪಲ್ಯ ಎಲ್ಲ ಅತ್ತೆಯ ತಲೆಗೇ ಬೀಳುತ್ತಿತ್ತು. ಸಮತಾ ಬೆಳಗಿನ ಬಸ್ಸಿಗೆ ಕೊಟ್ಟೂರಿಗೆ ಹೋಗುತ್ತಿದ್ದಳು, ಲೆಕ್ಕ ಕಲಿಯಲು.

"ಲೆಕ್ಕ ಕಲ್ತ ಮ್ಯಾಲೆ ಮ್ಯಾನೇಜರ್ ಆಗೋದು ಕೇಳೀನಿ. ಮ್ಯಾನೇಜರ್ ಆದ ಮ್ಯಾಲೆ ಲೆಕ್ಕ ಕಲಿಯೋದು ನಿನ್ನಿಂದಾನ ಕೇಳಿದ್ದು" ಅಂದಳು ಸುಂಕಮ್ಮ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ.

"ಅದನ್ನ ಅಧ್ಯಕ್ಷರಿಗೆ ಕೇಳ್ರಿ ಅತ್ತಿ. ಅವರೇ ನನ್ನ ಈ ಕುರ್ಚಿಗೆ ಕುಂದ್ರಿಸಿದ್ದು."

"ಕೇಳ್ತೀನಿ ಬಿಡು, ನನಗೇನು ಅಂಜಿಕೆ? ಡಬ್ಬಿಗೆ ಪಲ್ಯ ಹಾಕೊಂಡ್ಯೋ ಇಲ್ಲೋ? ಅಲ್ಲಿ ಬರೇ ಚಾ ಕುಡ್ಕೊಂಡು ಕುಂತಿಗಿಂತಿ."

ಸಿಟ್ಟಿನಲ್ಲೂ ಪಲ್ಯ ಕೇಳುವ ಹೆಂಗಸು ಅವಳು. ಬೈಯುವುದಕ್ಕೂ ಉಣ್ಣಿಸುವುದಕ್ಕೂ ಒಂದೇ ಬಾಯಿ.

ಆ ಊರಿನ ಹೆಂಗಸರು ಸೇರಿ ಒಂದು ಕಂಪನಿ ಕಟ್ಟಿದ್ದರು. ಸುತ್ತಲಿನ ಹಳ್ಳಿಗಳ ಹೆಂಗಸರು ಬೆಳೆದ ನವಣೆ, ಸಜ್ಜೆ ಕೊಂಡು, ಹಸನು ಮಾಡಿ, ಪಾಕೀಟು ಕಟ್ಟಿ ಹೊಸಪೇಟೆ, ದಾವಣಗೆರೆ ಅಂಗಡಿಗಳಿಗೆ ಕೊಡುವ ಕಂಪನಿ. ಸಮತಾ ಅದರಲ್ಲಿ ಹಳ್ಳಿ ತಿರುಗುವ ಕೆಲಸಕ್ಕೆ ಇದ್ದಳು. ಮ್ಯಾನೇಜರ್ ಆಗಿದ್ದವನು ಬೇರೆ ಕಡೆ ಹೆಚ್ಚು ಪಗಾರ ಸಿಕ್ಕಿತು ಅಂತ ಸುಗ್ಗಿ ಹೊತ್ತಿಗೆ ಸರಿಯಾಗಿ ಕೈಕೊಟ್ಟು ಹೋದ. ಅಧ್ಯಕ್ಷೆ ಹೊನ್ನೂರಮ್ಮ, "ಊರೂರು ತಿರುಗಿ ಹೆಂಗಸರ ಬಾಯಿ ತಡಕೊಂಡಾಕಿಗೆ ಆಫೀಸ್ ಏನು ಮಹಾ" ಅಂತ ಸಮತಾಳನ್ನೇ ಕೂರಿಸಿದಳು. ಆದರೆ ಒಂದು ಷರತ್ತು ಹಾಕಿದಳು. ಸುಗ್ಗಿ ಖರೀದಿ ಮುಗಿದ ಮೇಲೆ ಮಂಡಳಿಯ ಮುಂದೆ ಲಾಭ ನಷ್ಟದ ಲೆಕ್ಕ ತಾನೇ ಬಿಡಿಸಿ ಹೇಳಬೇಕು. ಲೆಕ್ಕ ಒಪ್ಪಿಗೆಯಾಗಿ ಲಾಭವೂ ಕಂಡರೆ ಕೆಲಸ ಕಾಯಂ, ಪಗಾರವೂ ಏರುತ್ತದೆ. ಇಲ್ಲದಿದ್ದರೆ ಮತ್ತೆ ಹಳ್ಳಿ ತಿರುಗುವುದು ಇದ್ದೇ ಇದೆ.

ಸಮತಾ ಓದಿದ್ದು ಇತಿಹಾಸ. ಲೆಕ್ಕಪತ್ರ ಅಂದರೆ ಅವಳಿಗೆ ಗೊತ್ತಿದ್ದದ್ದು ಬಂದದ್ದು, ಹೋದದ್ದು, ಉಳಿದದ್ದು, ಅಷ್ಟೇ.

ಕೊಟ್ಟೂರಿನಲ್ಲಿ ಪಾಲಾಕ್ಷಪ್ಪ ಅಂತ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಅರಿವೆ ಅಂಗಡಿಯೊಂದರ ಮಾಳಿಗೆಯ ಮೇಲೆ ಶನಿವಾರ ಪಾಠ ಹೇಳುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರೆಲ್ಲ ಇವಳಂಥವರೇ. ಹಾಲಿನ ಸೊಸೈಟಿ ನಡೆಸುವವರು, ಹಾಸ್ಟೆಲು ನೋಡಿಕೊಳ್ಳುವವರು, ಅಪ್ಪನ ಗೊಬ್ಬರದಂಗಡಿಗೆ ಕೂತವರು. ಮೊದಲ ದಿನವೇ ಸಮತಾ ನಗೆಪಾಟಲಿಗೀಡಾದಳು. ಹೊಸ ಮಿಷನ್ನು ಖರ್ಚೋ ಆಸ್ತಿಯೋ ಅಂತ ಕೇಳಿದ್ದಕ್ಕೆ, "ಸಾಲದ ಮ್ಯಾಲೆ ತಂದೀವ್ರಿ, ಅದು ಬ್ಯಾಂಕಿನ ಆಸ್ತಿ" ಅಂದುಬಿಟ್ಟಿದ್ದಳು.

ಪಾಲಾಕ್ಷಪ್ಪ ನಗಲಿಲ್ಲ. "ನಿನ್ನ ಮಾತಿನ್ಯಾಗೂ ಒಂದು ನಿಜ ಐತಿ ತಾಯಿ. ಆದ್ರ ಬರ್ಯೋದು ಹಂಗಲ್ಲ. ಮಿಷನ್ ನಿಮ್ಮ ಆಸ್ತಿ, ಸಾಲ ನಿಮ್ಮ ಹೊಣೆ. ಎರಡೂ ಎದುರಾಬದುರಾ ಕುಂದ್ರಬೇಕು. ಇನ್ನೊಂದು ಬರ್ಕೊಳ್ರಿ ಎಲ್ಲರೂ. ರೊಕ್ಕ ಬ್ಯಾರೆ, ಲಾಭ ಬ್ಯಾರೆ. ಉದ್ರಿ ಕೊಟ್ಟ ಮಾಲು ಪುಸ್ತಕದಾಗ ಲಾಭ, ಗಲ್ಲಾದಾಗ ಗಾಳಿ."

ಬಸ್ಸಿನಲ್ಲಿ ಬರುವಾಗ ಸಮತಾ ಅದನ್ನೇ ಬಾಯಿಪಾಠ ಮಾಡುತ್ತ ಬಂದಳು. ಪಕ್ಕದಲ್ಲಿ ಕೂತ ಅಜ್ಜಿ ಇವಳಿಗೆ ಏನೋ ಆಗಿದೆ ಅಂತ ಸರಿದು ಕೂತಳು.

ಕಲಿತದ್ದನ್ನೆಲ್ಲ ಅವಳು ಊಟದ ಹೊತ್ತಿಗೆ ಮನೆಯವರ ಮೇಲೆ ಪ್ರಯೋಗ ಮಾಡುತ್ತಿದ್ದಳು. ಕೇಳುವವನು ಮಾವ ಗಾದಿಲಿಂಗಪ್ಪ. ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದ ಮನುಷ್ಯ. ತನ್ನ ಮನೆಯ ಸೊಸೆ ಮ್ಯಾನೇಜರ್ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದ.

"ಮಿಷನ್ ವರ್ಷಾ ವರ್ಷಾ ಸವೀತೈತಿ ಮಾವ. ಆ ಸವಕಳೀನ ಖರ್ಚಿನಾಗ ಬರೀಬೇಕಂತ, ಕೈಯಿಂದ ರೊಕ್ಕ ಹೋಗದಿದ್ರೂ."

"ಹಂಗಾದ್ರ ನಿಮ್ಮತ್ತಿ ಮಣಕಾಲಿನ ಸವಕಳಿ ಯಾರ ಖರ್ಚಿನಾಗ ಬರೀತಿ?"

"ಮೊದ್ಲು ನಿನ್ನ ಹಲ್ಲಿನ ಸವಕಳಿ ಬರ್ಕೊ" ಅಂದಳು ಸುಂಕಮ್ಮ. ಗಾದಿಲಿಂಗಪ್ಪನಿಗೆ ಮುಂದಿನ ಹಲ್ಲು ಇರಲಿಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕ.

ಗಂಡ ಭೀಮರಾಜ ಮಾತ್ರ ನಗಲಿಲ್ಲ. ಅವನು ಹರಪನಹಳ್ಳಿ ಕಡೆಯ ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಕಾವಲುಗಾರ. "ಈ ಸಲ ನಮ್ಮ ಕಾಂಟ್ರ್ಯಾಕ್ಟ್ ಮುಂದುವರಿಸೋದು ಅನುಮಾನ ಅಂತ ಸೂಪರ್‌ವೈಸರ್ ಅಂದ" ಅಂದ.

ಸುಂಕಮ್ಮ ರೊಟ್ಟಿಯ ಪುಟ್ಟಿಯನ್ನು ಸೊಸೆಯ ಕಡೆ ಸರಿಸಿದಳು.

"ಹಂಗಾದ್ರ ಮನಿ ನಿನ್ನ ಮ್ಯಾಲೆ ನಿಂತತಿ, ಸಮತಾ" ಅಂದಳು ಸುಂಕಮ್ಮ. "ಹೋಗವ್ವ ಹೋಗು, ಶನಿವಾರಾನೂ ಹೋಗು, ಐತವಾರಾನೂ ಹೋಗು. ರೊಟ್ಟಿ ನಾ ಬಡೀತೀನಿ."

ಕಂಪನಿಯಲ್ಲಿ ಸುಂಕಮ್ಮನಿಗೂ ಒಂದು ಜಾಗ ಇತ್ತು, ಅದು ಸೊಸೆಯಿಂದ ಬಂದದ್ದಲ್ಲ. ಈ ಸುಗ್ಗಿಯ ಖರೀದಿಗೆ ಅಂತ ಕರೆಂಟಿನ ತಕ್ಕಡಿ ತಂದಿಟ್ಟಾಗ ಹೆಂಗಸರು ಮೂಗು ಮುರಿದಿದ್ದರು. ಆ ಕೆಂಪು ಅಂಕಿ ಏನು ಹೇಳುತ್ತದೋ ಯಾರಿಗೆ ಗೊತ್ತು, ಕಣ್ಣ ಮುಂದೆ ಡಬ್ಬಿಯಲ್ಲಿ ಅಳೆಯಿರಿ, ಅದೂ ಸುಂಕಮ್ಮನ ಕೈಯಲ್ಲಿ ಅಳೆಸಿರಿ ಅಂದರು. ಅವಳ ಅಪ್ಪ ಧಣಿಗಳ ಕಣದಲ್ಲಿ ಕಾಳು ಅಳೆಯುವ ಆಳು. ಅವನ ಹಿಂದೆ ಚೀಲ ಹಿಡಿದು ನಿಂತು ಕಲಿತವಳು ಇವಳು. ಅಳೆಯಲು ಕೂತರೆ ಡಬ್ಬಿಯ ಬಾಯಿಗೆ ಕೈಯಾಡಿಸಿ ಸಮ ಮಾಡಿದ್ದರಲ್ಲಿ ಒಂದು ಕಾಳೂ ಆಚೀಚೆ ಆಗುತ್ತಿರಲಿಲ್ಲ. ಸಂತೆಯ ದಿನ ಕಂಪನಿಯ ಅಂಗಳದಲ್ಲಿ ತಾಡಪಾಲು ಹಾಸಿ ಅವಳು ಕೂತಳೆಂದರೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಬರೆಯುವ ಹುಡುಗಿ ಇವಳು ಕೊನೆಗೆ ಕೂಗಿದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದಳು. ಅದರ ಮೇಲೆ ಕಾಳು ತಂದವಳ ಬ್ಯಾಂಕ್ ಖಾತೆಗೆ ದುಡ್ಡು ಹೋಗುತ್ತಿತ್ತು.

ಚಳಿ ಇಳಿಯುವ ಹೊತ್ತಿಗೆ ಖರೀದಿ ಮುಗಿಯುತ್ತ ಬಂತು. ಸಮತಾ ಮಾರಾಟಕ್ಕೆ ಗೋದಾಮಿನ ಚೀಲಗಳ ಬೆಲೆ ಕೂಡಿಸಿ ಲೆಕ್ಕ ಹಾಕಿ ನೋಡಿದಳು. ಲಾಭ. ಕಂಪನಿ ಹುಟ್ಟಿದಾಗಿನಿಂದ ಕಾಣದಷ್ಟು ಲಾಭ. ಹೊನ್ನೂರಮ್ಮ ಆಫೀಸಿಗೇ ಬಂದು ಅವಳ ಬಾಯಿಗೆ ಸಕ್ಕರೆ ಹಾಕಿ, "ಇನ್ನು ನಿನ್ನ ಕುರ್ಚಿ ಅಲುಗಾಡಂಗಿಲ್ಲ ಬಿಡು" ಅಂದಳು. ಮನೆಯಲ್ಲಿ ಭೀಮರಾಜ ಬಹಳ ದಿನದ ಮೇಲೆ ಸಿಳ್ಳೆ ಹಾಕುತ್ತ ಸ್ನಾನಕ್ಕೆ ಹೋದ.

ಆ ಶನಿವಾರ ಪಾಲಾಕ್ಷಪ್ಪ ಸರಕಿನ ಪಾಠ ತೆಗೆದರು. "ಹಳೇ ಸರಕು, ಕೂಡಿಸು ಖರೀದಿ, ಕಳಿ ಮಾರಾಟ. ಉಳಿದದ್ದು ಗೋದಾಮಿನ್ಯಾಗ ಇರಬೇಕು. ಹೋಗಿ ಕೈ ಮುಟ್ಟಿ ಎಣಿಸ್ರಿ. ಕಡಿಮಿ ಬಂದ್ರ ಎಲ್ಲರೂ ಕಳ್ಳನ್ನ ಹುಡುಕ್ತಾರ. ಹೆಚ್ಚು ಬಂದ್ರ ಯಾರೂ ಹುಡುಕಂಗಿಲ್ಲ, ಸಿಹಿ ಹಂಚ್ತಾರ. ನೀವು ಹುಡುಕ್ರಿ. ಹೆಚ್ಚು ಅಂದ್ರ ಯಾರದೋ ನಿಮ್ಮ ಹತ್ರ ಉಳದತಿ ಅಂತ ಅರ್ಥ."

ಸಮತಾ ಸೋಮವಾರ ಗೋದಾಮಿನಲ್ಲಿ ಚೀಲ ಎಣಿಸಿದಳು. ಹೆಚ್ಚು ಬಂತು. ಮತ್ತೆ ಎಣಿಸಿದಳು, ಚೀಟಿಗಳನ್ನು ಕೂಡಿಸಿದಳು, ಮಾರಾಟದ ಬಿಲ್ಲು ನೋಡಿದಳು. ಕೊಂಡದ್ದಕ್ಕಿಂತ ಇದ್ದದ್ದೇ ಹೆಚ್ಚು. ಆ ದೊಡ್ಡ ಲಾಭವೆಲ್ಲ ಈ ಹೆಚ್ಚಿನ ಚೀಲಗಳಲ್ಲೇ ಕೂತಿತ್ತು. ಗೋದಾಮಿನ ನೆಲ ಸೀಳಿ ನವಣೆ ಬರುತ್ತದೆಯೇ?

ಕೊನೆಯ ಖರೀದಿಯ ಸಂತೆ ದಿನ ಅವಳು ಆಫೀಸು ಬಿಟ್ಟು ಅಂಗಳಕ್ಕೆ ಬಂದು ನಿಂತಳು. ದುರುಗಮ್ಮ ಅನ್ನುವ ಹೆಂಗಸು, ಅವರದೇ ಕೇರಿಯವಳು, ತನ್ನ ನವಣೆ ಸುರಿದಳು. ಸುಂಕಮ್ಮ ಡಬ್ಬಿ ತುಂಬಿ, ಕೈಯಾಡಿಸಿ, ಕಂಪನಿಯ ಚೀಲಕ್ಕೆ ಸುರಿಯುತ್ತ ರಾಗವಾಗಿ ಎಣಿಸಿದಳು.

"ಲಾಭ..."

ಎರಡನೇ ಡಬ್ಬಿ ಸುರಿದಳು.

"ಒಂದು..."

ಮೂರನೆಯದು.

"ಎರಡು..."

ಸಮತಾ ಒಂದು ಹೆಜ್ಜೆ ಮುಂದೆ ಬಂದಳು. ಅವಳ ತವರು ನೀಲಗುಂದ. ಅಲ್ಲೂ ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಒಳ್ಳೆಯದಾಗಲಿ ಅಂತ ಲಾಭ ಅನ್ನುತ್ತಾರೆ. ಆದರೆ ಅಲ್ಲಿ ಲಾಭ ಆದ ಮೇಲೆ ಎರಡು. ಲಾಭ ಅಂದರೇ ಒಂದು. ಇಲ್ಲಿ ಅತ್ತೆ ಲಾಭ ಆದ ಮೇಲೆ ಒಂದು ಅನ್ನುತ್ತಿದ್ದಳು. ಮೊದಲ ಡಬ್ಬಿ ಚೀಲಕ್ಕೆ ಬೀಳುತ್ತಿತ್ತು, ಎಣಿಕೆಗೆ ಬೀಳುತ್ತಿರಲಿಲ್ಲ. ಹತ್ತಿಪ್ಪತ್ತು ಡಬ್ಬಿ ಬೆಳೆಯುವ ಬಡ ಹೆಂಗಸರು, ಬಂದ ಪ್ರತಿ ಸಲವೂ ಒಂದೊಂದು ಡಬ್ಬಿ ಪುಕ್ಕಟೆ ಸುರಿದು ಹೋಗಿದ್ದರು. ಹುಡುಗಿ ಚೀಟಿ ಕೊಟ್ಟಳು. ದುರುಗಮ್ಮ ಚೀಟಿ ಸೆರಗಿಗೆ ಕಟ್ಟಿಕೊಂಡು ಸುಮ್ಮನೆ ಹೋದಳು.

ಸಂಜೆ ಮನೆಯಲ್ಲಿ ಸುಂಕಮ್ಮ ಸೊಪ್ಪು ಸೋಸುತ್ತಿದ್ದಳು. ಸಮತಾ ಎದುರಿಗೆ ಕೂತು ತಾನೂ ಎರಡು ಕಡ್ಡಿ ಎತ್ತಿಕೊಂಡಳು.

"ಅತ್ತಿ, ಲಾಭ ಆದ ಮ್ಯಾಲೆ ಎರಡು ಅನ್ನಬೇಕಲ್ಲ, ಒಂದು ಯಾಕ ಅಂತೀರಿ?"

"ಹಂಗ ಅನ್ನೋದು. ನಮ್ಮಪ್ಪ ಹಂಗ ಅಳೀತಿದ್ದ."

"ಮೊದಲ್ನೇದು ಲೆಕ್ಕಕ್ಕ ಬರಂಗಿಲ್ಲಲ್ಲ ಹಂಗಾದ್ರ."

"ಲಾಭ ಹೆಂಗ ಲೆಕ್ಕಕ್ಕ ಬರ್ತತಿ? ಲಾಭ ಕಣದ್ದು."

"ಯಾರ ಕಣದ್ದು?"

ಸುಂಕಮ್ಮ ತಲೆ ಎತ್ತಿದಳು. ಸೊಸೆ ಎಲ್ಲಿಗೆ ಬರುತ್ತಿದ್ದಾಳೆಂದು ಅವಳಿಗೆ ಆಗ ಹೊಳೆಯಿತು. "ಏನಂತೀ ನೀನು? ನಾ ಮೋಸ ಮಾಡೀನಿ ಅಂತೀಯೇನು? ಒಂದು ಹಿಡಿ ಕಾಳು ಮನಿಗೆ ತಂದೀನೇನು ನಾನು? ನನಗ ಕಳ್ಳಿ ಅಂತೀಯೇನ?"

"ಕಳ್ಳಿ ಅನ್ನಲಿಲ್ಲ ಅತ್ತಿ..."

"ಇನ್ನೇನು ಅಂದಿ? ನಾಕು ಶನಿವಾರ ಕೊಟ್ಟೂರಿಗೆ ಹೋಗಿ ಬಂದು ನನ್ನ ಡಬ್ಬಿ ತಪ್ಪು ಅಂತೀಯಾ? ನೀ ಹುಟ್ಟೋಕಿಂತ ಮೊದಲು ಅಳ್ದಾಕಿ ನಾನು!" ಸೊಪ್ಪಿನ ಪುಟ್ಟಿಯನ್ನು ಜಾಡಿಸಿ ಸರಿಸಿದಳು. ಸೊಪ್ಪು ನೆಲದ ತುಂಬ ಚೆಲ್ಲಿತು.

ಗದ್ದಲಕ್ಕೆ ಭೀಮರಾಜ ಒಳಗೆ ಬಂದ. ಕೇಳಿದ. ಸೊಪ್ಪು ಆರಿಸುತ್ತಿದ್ದ ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೆತ್ತಗೆ ಹೇಳಿದ. "ಯಾರ ಕೇಳ್ಯಾರ ಹೇಳು? ಯಾರೂ ಕೇಳಿಲ್ಲ. ಕಂಪನಿ ರೊಕ್ಕ ಕಂಪನ್ಯಾಗ ಐತಿ, ನಾವೇನು ತಿಂದಿಲ್ಲ. ಮೀಟಿಂಗಿನ್ಯಾಗ ಲಾಭ ಅಂತ ಹೇಳು, ಕಾಯಂ ಆಗು, ಮುಂದಿನ ವರ್ಷ ಸರಿಯಾಗಿ ಅಳಸು. ಮುಗೀತು."

"ಅದು ಕಂಪನಿ ಲಾಭ ಅಲ್ರೀ. ಹೆಂಗಸರ ಕಾಳು."

"ಹೇಳಿದ್ರ ನಮ್ಮವ್ವನ ಹೆಸರು ಏನಾಗ್ತತಿ ಊರಾಗ? ನಿನ್ನ ಕೆಲಸ ಏನಾಗ್ತತಿ? ನನ್ನ ಕೆಲಸಂತೂ ಹೋಗೋದ ಐತಿ. ಏನು ತಿನ್ನೋಣು ಹೇಳು, ನಿನ್ನ ಸವಕಳಿ ತಿನ್ನೋಣೇನು?"

ಗಾದಿಲಿಂಗಪ್ಪ ಪಡಸಾಲೆಯಲ್ಲಿ ಬುದ್ಧನ ಫೋಟೊದ ಕೆಳಗೆ ಕೂತಿದ್ದ. ಅವನು ಅಲ್ಲಿಂದಲೇ ಮಾತಾಡಿದ.

"ಆ ಲಾಭ ಅಂದ್ರ ಏನಂತ ನನಗ ಗೊತ್ತೈತಿ. ಧಣೇರ ಹೊಲ ಕೋರಿಗೆ, ಅರ್ಧ ಪಾಲಿಗೆ, ಮಾಡಿದೋರು ಕಾಳು ತಂದ್ರ, ಮೊದಲನೇ ಅಳತಿ ಧಣೇರದು. ಲೆಕ್ಕಕ್ಕಿಲ್ಲ. ಆಮ್ಯಾಲೆ ಒಂದು ಎರಡು ಅಂತ ಎಣಿಸಿ, ಅದರಾಗ ಮತ್ತ ಅರ್ಧ ಧಣೇರದು. ನಮ್ಮಪ್ಪನೂ ಕೊಟ್ಟಾನ. ಅಳೀತಿದ್ದೋನು ಇವಳಪ್ಪ. ಅವಂದೇನು ತಪ್ಪು, ಅವನು ಆಳು."

"ನಮ್ಮಪ್ಪನ ಸುದ್ದಿಗೆ ಬರಬ್ಯಾಡ ನೀನು!" ಸುಂಕಮ್ಮ ಒಳಗಿನಿಂದ ಕೂಗಿದಳು. ಆದರೆ ಆ ಕೂಗಿನಲ್ಲಿ ಮೊದಲಿನ ಗತ್ತು ಇರಲಿಲ್ಲ.

ಆಮೇಲಿನ ದಿನಗಳು ಆ ಮನೆಯಲ್ಲಿ ಯಾರಿಗೂ ಬೇಡ. ಸುಂಕಮ್ಮ ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಸೊಸೆಯ ತಟ್ಟೆಗೆ ರೊಟ್ಟಿ ಹಾಕುವಾಗ ಮುಖ ನೋಡುತ್ತಿರಲಿಲ್ಲ. ಸಮತಾ ಮಾಡಿದ ಸಾರು ಮುಟ್ಟುತ್ತಿರಲಿಲ್ಲ. ಎಲ್ಲರೂ ಉಂಡ ಮೇಲೆ ಒಲೆಯ ಮುಂದೆ ಒಬ್ಬಳೇ ಕೂತು ತಣ್ಣನೆ ರೊಟ್ಟಿಗೆ ಖಾರ ಸವರಿಕೊಂಡು ತಿನ್ನುತ್ತಿದ್ದಳು. ಕಂಪನಿಯ ಕಡೆ ತಲೆ ಹಾಕಲಿಲ್ಲ. ಯಾರಾದರೂ ಕೇಳಿದರೆ ಮಣಕಾಲು ನೋವು ಅನ್ನುತ್ತಿದ್ದಳು. ಸಮತಾಳಿಗೆ ಅಳು ಬರುತ್ತಿತ್ತು. ತಾಯಿಯಿಲ್ಲದೆ ಬೆಳೆದವಳಿಗೆ ಈ ಹೆಂಗಸೇ ತಲೆಗೆ ಎಣ್ಣೆ ಹಾಕಿ ಮಗಳಂತೆ ನೋಡಿಕೊಂಡದ್ದು. ಅವಳನ್ನು ಊರ ಮುಂದೆ ನಿಲ್ಲಿಸಬೇಕಲ್ಲ ಅಂತ ಸಂಕಟ.

ಮಂಡಳಿಯ ಸಭೆಯ ದಿನ ಸಮತಾ ಲೆಕ್ಕದ ಹಾಳೆ ಹಂಚಿದಳು. ಹೊನ್ನೂರಮ್ಮ ಕೊನೆಯ ಸಾಲು ನೋಡಿ ಹುಬ್ಬು ಗಂಟಿಕ್ಕಿದಳು. "ಲಾಭ ಎಲ್ಲಿ ಹೋತು ಸಮತಾ?"

"ಅದು ನಮ್ಮದಲ್ರಿ. ಹೆಂಗಸರಿಗೆ ಕೊಡಬೇಕಾದ್ದು. ಹೊಣೆ ಕಡೆ ಬರ್ದೀನಿ ನೋಡ್ರಿ." ಅವಳು ಎದ್ದು ನಿಂತು ಎಲ್ಲ ಬಿಡಿಸಿ ಹೇಳಿದಳು. "ಅಳೆದವರು ನಮ್ಮತ್ತಿ. ಒಂದು ಕಾಳು ಮನಿಗೆ ಒಯ್ದಿಲ್ಲ. ಹಳೇ ರೂಢಿ, ಅವರಿಗೆ ತಿಳೀಲಿಲ್ಲ. ನೋಡಬೇಕಾದಾಕಿ ನಾನು, ನಾ ನೋಡಲಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಒಬ್ಬಳು, "ಅತ್ತಿ ಅಳ್ಯೋದು, ಸೊಸಿ ಬರ್ಯೋದು, ಚಲೋ ಐತಿ ಬಿಡು" ಅಂದಳು. ಹೊನ್ನೂರಮ್ಮ ಅವಳ ಬಾಯಿ ಮುಚ್ಚಿಸಿದಳು. ಆದರೆ ತೀರ್ಮಾನ ಏನಾಗಬೇಕೋ ಅದೇ ಆಯಿತು. ಹೆಂಗಸರ ಬಾಕಿ ಮನೆಮನೆಗೆ ಹೋಗಿ ಕೊಡಬೇಕು. ಲಾಭ ಕೈಗೆ ಹತ್ತದಷ್ಟು ಸಣ್ಣದಾಗಿದ್ದರಿಂದ ಕಾಯಂ ಮಾಡುವ ಮಾತು ಮುಂದಿನ ವರ್ಷಕ್ಕೆ, ಅಲ್ಲಿಯ ತನಕ ಹಳೇ ಪಗಾರವೇ.

"ನೀ ಕಲ್ತಿದ್ದು ನಿನಗ ಮುಳುವಾತಲ್ಲವ್ವ" ಅಂದಳು ಹೊನ್ನೂರಮ್ಮ, ಹೊರಗೆ ಚಪ್ಪಲಿ ಮೆಟ್ಟುವಾಗ. ಅದು ಬೈಗುಳವಲ್ಲ, ಕನಿಕರ.

ಮನೆಗೆ ಬಂದು ಹೇಳಿದಾಗ ಭೀಮರಾಜ ಉಣ್ಣುತ್ತಿದ್ದವನು ಕೈ ತೊಳೆದುಕೊಂಡು ಎದ್ದು ಹೋದ. ಸುಂಕಮ್ಮ ಒಲೆಯ ಮುಂದಿನಿಂದ ಕೇಳಿದಳು. ಎಷ್ಟೋ ದಿನದ ಮೇಲೆ ಸೊಸೆಯೊಂದಿಗೆ ಆಡಿದ ಮೊದಲ ಮಾತು.

"ನನ್ನ ಹೆಸರು ಹೇಳಿದ್ಯೇನು?"

"ಹೇಳಿದೆ ಅತ್ತಿ."

"ಅವರು ನನಗ ಕಳ್ಳಿ ಅಂದ್ರೇನು?"

"ಇಲ್ಲ."

ಮರುದಿನ ಬೆಳಿಗ್ಗೆ ಸಮತಾ ಬಾಕಿ ಕೊಡಲು ಹೊರಟಾಗ ಸುಂಕಮ್ಮ ಒಗೆದ ಸೀರೆ ಉಟ್ಟು, ತಲೆ ಬಾಚಿ, ಬಾಗಿಲಲ್ಲಿ ನಿಂತಿದ್ದಳು.

"ನೀವ್ಯಾಕ ಅತ್ತಿ? ಮಣಕಾಲು..."

"ಅಳೆದಾಕಿ ನಾನು. ಕೊಡಾಕೂ ನಾನ ಹೋಗ್ತೀನಿ. ಯಾರರ ಏನರ ಅಂದ್ರ ನನ್ನ ಮಾರಿಗೇ ಅನ್ನಲಿ."

ಮೊದಲು ದುರುಗಮ್ಮನ ಮನೆ. ಅವಳು ಕುರಿ ಹಟ್ಟಿ ಗುಡಿಸುತ್ತಿದ್ದಳು. ಇಬ್ಬರನ್ನೂ ಕಂಡು ಗಡಿಬಿಡಿಯಿಂದ ಪೊರಕೆ ಬಿಸಾಕಿ ಚಾಪೆ ಹಾಸಿದಳು. ಸಮತಾ ಲೆಕ್ಕ ಹೇಳಿ ದುಡ್ಡಿನ ಲಕೋಟೆ ಮುಂದಿಟ್ಟಳು. ಸುಂಕಮ್ಮ ತಾನು ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದ ಮಾತು ಹೇಳಿದಳು.

"ದುರುಗಿ, ನನ್ನಿಂದ ತಪ್ಪಾತು. ಲಾಭಾನ ಎಣಿಸಲಿಲ್ಲ ನಾನು. ನಿನಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ."

ದುರುಗಮ್ಮ ಲಕೋಟೆ ಮುಟ್ಟಲಿಲ್ಲ. "ನನಗ ಗೊತ್ತಿತ್ತಲ್ಲ ಯಕ್ಕ."

"ಏನು ಗೊತ್ತಿತ್ತು?"

"ಮನ್ಯಾಗ ಅಳತಿ ಮಾಡಕೊಂಡ ಬಂದಿರ್ತೀವಲ್ಲ. ಎಲ್ಲರಿಗೂ ಗೊತ್ತಿತ್ತು, ಒಂದು ಡಬ್ಬಿ ಹೋಗ್ತತಿ ಅಂತ."

ಸುಂಕಮ್ಮ ಲಕೋಟೆಯನ್ನು ಬದಿಗೆ ಸರಿಸಿದಳು. "ಗೊತ್ತಿದ್ದೂ ಯಾಕ ಕೇಳಲಿಲ್ಲಲೇ? ಒಂದ ಕೇರಿಯೋರು, ಒಂದ ನಲ್ಲಿ ನೀರು ಹಿಡಿಯೋರು. ಬಾಯಿ ಇರಲಿಲ್ಲೇನು?"

"ಅಳೆಯಾಕ ಕುಂತೋರ್ನ ಹೆಂಗ ಕೇಳೋದು? ನಾಳಿ ನಿನ್ನ ನವಣಿ ಬ್ಯಾಡ, ಹೊಟ್ಟು ಐತಿ, ಕಲ್ಲು ಐತಿ ಅಂದ್ರ?" ದುರುಗಮ್ಮ ನೆಲ ನೋಡುತ್ತ ಹೇಳಿದಳು. "ಧಣೇರ ಕಣದಾಗ ನಮ್ಮವ್ವ ಕೇಳಿದ್ಲೇನು? ಹಂಗ ನಾನೂ ಸುಮ್ನಾದೆ."

ಸುಂಕಮ್ಮ ಚಾಪೆಯ ಮೇಲೆ ಕುಸಿದು ಕೂತಳು. ಸಮತಾ ಹಿಡಿಯಲು ಬಂದರೆ ಕೈ ಕೊಡವಿದಳು.

"ಕಳ್ಳಿ ಅಂದಿದ್ರೂ ತಡಕೊಂತಿದ್ನೆ" ಅಂದಳು ಸೊಸೆಗೆ. "ನನಗ ಅಂಜ್ಯಾರ ನೋಡು. ಈ ಸುಂಕಿಗೆ ಅಂಜ್ಯಾರ."

ದುರುಗಮ್ಮನಿಗೆ ಗಾಬರಿಯಾಯಿತು. "ಬಿಡು ಯಕ್ಕ, ಹೋಗ್ಲಿ. ಚಾ ಇಡ್ತೀನಿ, ಕುಡ್ದು ಹೋಗ್ರಿ" ಅಂತ ಏಳಲು ಹೋದಳು. ಸುಂಕಮ್ಮ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಚಾ ಆಮ್ಯಾಲೆ. ಮುಂದಿನ ಸುಗ್ಗಿಗೆ ನಾ ಅಳೆಯಾಕ ಕುಂತ್ರ, ಯಾರ ಕುಂತ್ರೂ ಅಷ್ಟ, ತಪ್ಪಿದ್ರ ಕೈ ಹಿಡದು ಕೇಳ್ತೀನಿ ಅನ್ನು. ಅನ್ನು ದುರುಗಿ."

ದುರುಗಮ್ಮ ಸಮತಾಳ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು.

"ಕೇಳ್ತೀನಿ ಅನ್ನು" ಅಂದಳು ಸುಂಕಮ್ಮ ಮತ್ತೆ, ಬೇಡುವ ಧ್ವನಿಯಲ್ಲಿ.

"ಹೂಂ ಯಕ್ಕ" ಅಂದಳು ದುರುಗಮ್ಮ, "ನೀ ಹೆಂಗ ಹೇಳ್ತಿ ಹಂಗ."

ಸುಂಕಮ್ಮ ಅವಳ ಕೈ ಬಿಟ್ಟು ಅಳತೊಡಗಿದಳು.